ಎಮರ್ಜೆನ್ಸಿಯಲ್ಲಿ ಹಳೆ ಕಾಯಿಲೆ ಯಾಕೆ ಕೇಳುತ್ತಾರೆ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ತುಂಬಾ ವರ್ಷಗಳಿಂದ ಶುಗರ್, ಬಿಪಿ ಇದೆ. ಮೊನ್ನೆ ವಿಪರೀತ ಸುಸ್ತು, ಬೆವರು ಅಂತ ಎಮರ್ಜೆನ್ಸಿಗೆ ಕರೆದುಕೊಂಡು ಹೋದೆವು. ನೋವು ಏನೂ ಇರಲಿಲ್ಲ. ಆದರೂ ಹಳೆ ಕಾಯಿಲೆಗಳನ್ನು ಕೇಳಿದ ಕೂಡಲೇ, ಕೈ ಮುರಿದುಕೊಂಡು ಅಳುತ್ತಿದ್ದ ಹುಡುಗನಿಗಿಂತ ಮೊದಲು ಇವರನ್ನು ಒಳಗೆ ಕರೆದು ಇಸಿಜಿ ಮಾಡಿದರು. ಹಳೆ ಕಾಯಿಲೆ ನೋಡಿಯೇ ಯಾರ ಸ್ಥಿತಿ ಗಂಭೀರ ಅಂತ ಹೇಳಬಹುದಾ?
ಓದುಗರು, ಗೋಣಿಕೊಪ್ಪ

ಉತ್ತರ: ಅದೊಂದರಿಂದಲೇ ಹೇಳಲು ಆಗುವುದಿಲ್ಲ. ಆದರೆ ನಿಮ್ಮ ತಂದೆಯ ವಿಷಯದಲ್ಲಿ ಸಿಬ್ಬಂದಿ ಮಾಡಿದ್ದು ಸರಿ. ಬಹಳ ವರ್ಷ ಶುಗರ್ ಇದ್ದವರಲ್ಲಿ ನರಗಳು ಸೋತಿರಬಹುದು. ಹೃದಯಾಘಾತವಾದರೂ ಕೆಲವರಿಗೆ ಎದೆನೋವೇ ಬರುವುದಿಲ್ಲ. ಸುಸ್ತು, ಬೆವರು, ವಾಕರಿಕೆ, ಅಷ್ಟೇ. ಆ ಹುಡುಗನಿಗೆ ನೋವು ಜಾಸ್ತಿ ಇತ್ತು, ಅಪಾಯ ನಿಮ್ಮ ತಂದೆಗೆ ಜಾಸ್ತಿ ಇರಬಹುದಿತ್ತು.

ಹಳೆ ಕಾಯಿಲೆಗಳಿಗೆ ಅಂಕ ಕೊಡುವ ಲೆಕ್ಕವೂ ಇದೆ. 1987ರಲ್ಲಿ ಅಮೆರಿಕದ ವೈದ್ಯೆ ಮೇರಿ ಚಾರ್ಲ್‌ಸನ್ ಮತ್ತು ಜೊತೆಗಾರರು 19 ಕಾಯಿಲೆಗಳಿಗೆ 1ರಿಂದ 6ರವರೆಗೆ ಅಂಕ ಇಟ್ಟರು. ತೊಡಕಿಲ್ಲದ ಸಕ್ಕರೆ ಕಾಯಿಲೆಗೆ 1, ಬೇರೆ ಅಂಗಗಳಿಗೆ ಹರಡಿದ ಕ್ಯಾನ್ಸರಿಗೆ 6. ಬಿಪಿಗೆ ಅಂಕವೇ ಇಲ್ಲ. ಆದರೆ ಅದು ಆಸ್ಪತ್ರೆಗೆ ಸೇರಿದವರು ಒಂದು ವರ್ಷದೊಳಗೆ ಸಾಯುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡಲು ಹುಟ್ಟಿದ ಲೆಕ್ಕ. ಇನ್ನೊಂದು ಗಂಟೆಯಲ್ಲಿ ಏನಾಗಬಹುದು ಅನ್ನುವುದಕ್ಕೆ ಈಗಿನ ನಾಡಿ, ಉಸಿರಾಟ, ಬಿಪಿ, ಆಕ್ಸಿಜನ್, ಜ್ವರ, ಎಚ್ಚರ ಇವನ್ನೇ ನೋಡಬೇಕು.

ಈ ಅಳತೆಗಳನ್ನು ಓದುವಾಗ ಹಳೆ ಕಾಯಿಲೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. 110 ಬಿಪಿ ನಿಮಗಾದರೆ ಚೆನ್ನಾಗಿದೆ. ಯಾವಾಗಲೂ 160 ಇರುವವರಿಗೆ, ಅದೂ ಚಳಿಜ್ವರ ಬಂದಾಗ, 110 ಅಂದರೆ ಕುಸಿತ. ನಾಡಿ ಬಡಿತ ಏರದಂತೆ ತಡೆಯುವ ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಿಗೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ನಾಡಿ 80ರ ಆಸುಪಾಸಿನಲ್ಲೇ ಇರಬಹುದು. ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರನ್ನು ನೋಡಿ. ಎದ್ದು ಕೂತು ಮಾತಾಡುತ್ತಿರುತ್ತಾರೆ, ತಲೆಯಲ್ಲೊಂದು ಸಣ್ಣ ಬುಗುಟು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ಗೊತ್ತಾದರೆ ಲೆಕ್ಕವೇ ಬೇರೆ, ತಕ್ಷಣ ಸಿಟಿ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಇಲ್ಲದ ಕಡೆ ಸುಮ್ನೆ ಕಾಯಿಸಬಾರದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಮಳೆಗಾಲದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೋ ಹೇಳಲಾಗದು. ನಮ್ಮ ಕೊಡಗು ಜಿಲ್ಲೆಯಲ್ಲಿ ಈ ತೀರ್ಮಾನ ಬೇಗ ಆಗಲೇಬೇಕು, ಅಲ್ವಾ?

ನನ್ನನ್ನು ಕಾಡುವ ವಿಷಯ ಇನ್ನೊಂದಿದೆ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು "ಯಾವ ಕಾಯಿಲೆಯೂ ಇಲ್ಲ" ಅನ್ನುತ್ತಾರೆ. ವಿಚಾರಿಸಿದರೆ ಎಷ್ಟೋ ಜನರಿಗೆ ರಕ್ತ ಪರೀಕ್ಷೆಯೇ ಆಗಿರುವುದಿಲ್ಲ. ಬರೆದುಕೊಳ್ಳಲು ಕಾಯಿಲೆ ಸಿಗಲಿಲ್ಲ ಅಂತ ಅವರನ್ನು ಹಿಂದೆ ಕೂರಿಸುವುದು ಅನ್ಯಾಯ. ಬೆರಳು ಚುಚ್ಚಿ ಶುಗರ್ ನೋಡುವುದು ಒಂದು ನಿಮಿಷದ ಕೆಲಸ.

ಮುಂದೆ ಹೋಗುವಾಗ ತಂದೆಯ ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. "ಬಿಳಿ ಮಾತ್ರೆ, ಸಣ್ಣದು" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾಮೂಲಿ ಬಿಪಿ ಎಷ್ಟಿರುತ್ತದೆ, ಕಿಡ್ನಿ ತೊಂದರೆ ಇದೆಯಾ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿ. ಹಳೆ ಇಸಿಜಿ ಇದ್ದರೆ ಅದಂತೂ ಬೇಕೇ ಬೇಕು. ಹೊಸದರ ಪಕ್ಕ ಇಟ್ಟು ನೋಡಿದರೆ ಬದಲಾವಣೆ ಇವತ್ತಿನದಾ, ಹಳೆಯದಾ ಅಂತ ಗೊತ್ತಾಗುತ್ತದೆ.