ರೈಲ್ವೆ ಸಾಹುಕಾರರ ಕುಡಿಗಳಿಗೆ ಕಾರ್ ರೇಸಿನ ಹುಚ್ಚು ಹತ್ತಿದ್ದು ಯಾಕೆ?

ಕೈಯಲ್ಲಿ ದುಡ್ಡು, ಬಿಡುವು ಎರಡೂ ಇತ್ತು. ಆಗ ಕಾರು ಅಂದರೆ ಸಾಹುಕಾರರ ಆಟಿಕೆ ತಾನೇ?

ಅಮೆರಿಕದ ವಿಲಿಯಂ ಕೆ. ವಾಂಡರ್‌ಬಿಲ್ಟ್ ಜೂನಿಯರ್‌ನನ್ನೇ ನೋಡಿ. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಕಾರ್ನೀಲಿಯಸ್ ವಾಂಡರ್‌ಬಿಲ್ಟ್‌ನ ಮರಿಮೊಮ್ಮಗ. 1904ರ ಜನವರಿಯಲ್ಲಿ ಫ್ಲಾರಿಡಾದ ಕಡಲತೀರದ ಮರಳಿನ ಮೇಲೆ ಮರ್ಸಿಡಿಸ್ ಓಡಿಸಿ, ಗಂಟೆಗೆ ಸುಮಾರು 148 ಕಿ.ಮೀ. ವೇಗ ಮುಟ್ಟಿದ. ಅದೇ ಅಕ್ಟೋಬರ್‌ನಲ್ಲಿ ಲಾಂಗ್ ಐಲೆಂಡಿನ ರಸ್ತೆಗಳಲ್ಲಿ ವಾಂಡರ್‌ಬಿಲ್ಟ್ ಕಪ್ ಶುರು ಮಾಡಿದ. ಅಮೆರಿಕದ ಕಂಪನಿಗಳು ಯುರೋಪಿನವರಿಗೆ ಸಮನಾಗಿ ಕಾರು ಮಾಡಲಿ ಅನ್ನೋದು ಅವನ ಆಸೆ. ಗೆದ್ದಿದ್ದು ಮಾತ್ರ ಫ್ರಾನ್ಸಿನ ಕಾರು! ಅಮೆರಿಕದ ಕಾರು ಆ ಕಪ್ ಗೆಲ್ಲೋಕೆ 1908 ಬರಬೇಕಾಯಿತು.

ಜನ ಸುಮ್ನೆ ರಸ್ತೆಗೇ ನುಗ್ಗುತ್ತಿದ್ದರು. 1906ರಲ್ಲಿ ಪ್ರೇಕ್ಷಕನೊಬ್ಬ ಕಾರಿಗೆ ಸಿಕ್ಕಿ ಸತ್ತ. ಆಮೇಲೆ ಈತ ರೇಸಿಗೂ ಆಗಲಿ ಅಂತ ಒಂದು ಖಾಸಗಿ ಟೋಲ್ ರಸ್ತೆಯನ್ನೇ ಕಟ್ಟಿಸಿದ. ಅದು 1938ರವರೆಗೂ ನಡೆಯಿತು.