ನಸುಕಿನ ನಾಲ್ಕಕ್ಕೆ ಎಬ್ಬಿಸುವ ಬೆಕ್ಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಗಂಡು ಬೆಕ್ಕಿಗೆ ಮೂರು ವರ್ಷ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಗಟ್ಟಿಮುಟ್ಟಾಗಿದೆ, ಮನೆಯೊಳಗೇ ಇರುತ್ತದೆ. ದಿನಾ ನಸುಕಿನ ನಾಲ್ಕಕ್ಕೆ ಶುರು. ಮೊದಲು ಕೂಗು, ಆಮೇಲೆ ಮುಖದ ಮೇಲೆ ಪಂಜ, ಅದಕ್ಕೂ ಏಳದಿದ್ದರೆ ಮೇಜಿನ ಮೇಲಿನ ಸಾಮಾನು ಒಂದೊಂದಾಗಿ ಕೆಳಕ್ಕೆ. ಎದ್ದು ಒಂದು ಹಿಡಿ ಡ್ರೈ ಫುಡ್ ಹಾಕಿದರೆ ತಿಂದು ಮಲಗಿಬಿಡುತ್ತದೆ. ನಮಗೆ ಮಾತ್ರ ಮತ್ತೆ ನಿದ್ದೆ ಹತ್ತುವುದಿಲ್ಲ. ಬಿಡಿಸುವುದು ಹೇಗೆ?

ಉತ್ತರ: ನೀವು ಏಳುವುದಕ್ಕೂ ಅದರ ಬಟ್ಟಲು ತುಂಬುವುದಕ್ಕೂ ಗಂಟು ಬಿದ್ದಿದೆ. ಬಿಚ್ಚಬೇಕಾದ್ದು ಆ ಗಂಟು. ನೀವು ಬರೆದ ಕ್ರಮದಲ್ಲೇ ಅದು ಕಲಿತ ಪಾಠ ಕಾಣುತ್ತದೆ: ಕೂಗಿಗೆ ನೀವು ಏಳುವುದು ನಿಂತಾಗ ಪಂಜ ಬಂತು, ಪಂಜಕ್ಕೂ ಏಳದಾದಾಗ ಮೇಜಿನ ಸಾಮಾನು. ಒಂದೊಂದು ಮೆಟ್ಟಿಲು ಏರಿದಾಗಲೂ ಕೊನೆಗೆ ಊಟ ಸಿಕ್ಕಿತು.

ಹೊತ್ತನ್ನು ಮಾತ್ರ ಅದು ತಾನಾಗಿ ಆರಿಸಿಕೊಂಡಿಲ್ಲ. ಬೆಕ್ಕನ್ನು ನಿಶಾಚರಿ ಎನ್ನುವವರಿದ್ದಾರೆ. ನಿಜಕ್ಕೂ ಅದರ ಮೈ ಚುರುಕಾಗುವುದು ಎರಡು ಮಬ್ಬಿನ ಹೊತ್ತಿನಲ್ಲಿ, ಮುಸ್ಸಂಜೆ ಮತ್ತು ನಸುಕಿನಲ್ಲಿ. ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡುತ್ತದಾದರೂ ತುಂಡು ತುಂಡಾಗಿ. ಹಗಲಿಡೀ ಮಾಡಲು ಏನೂ ಇಲ್ಲದ ಬೆಕ್ಕಿಗೆ ಬೇಟೆಯ ಹುರುಪೆಲ್ಲ ಆ ಎರಡು ಹೊತ್ತಿಗೆ ಉಳಿದಿರುತ್ತದೆ. ಮುಸ್ಸಂಜೆಯ ಹುರುಪನ್ನು ನಾವು ಗಮನಿಸದೆ ಕಳೆದುಬಿಡುತ್ತೇವೆ. ನಸುಕಿನದು ನಮ್ಮ ಮುಖದ ಮೇಲೆ ಬಂದು ಕೂರುತ್ತದೆ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ರಾತ್ರಿ ಮಲಗುವ ಮುಂಚೆ. ನೀವು ಹತ್ತೂವರೆಗೆ ಮಲಗುವವರಾದರೆ ಒಂಬತ್ತೂಮುಕ್ಕಾಲಿಗೆ ಆಟ ಹಿಡಿಯಿರಿ. ಕೋಲಿನ ತುದಿಗೆ ದಾರ, ದಾರದ ತುದಿಗೆ ಗರಿಯೋ ಬಟ್ಟೆಯ ಚೂರೋ ಕಟ್ಟಿದ್ದರೆ ಸಾಕು. ತಪ್ಪಾಗುವುದು ಅದನ್ನು ಆಡಿಸುವ ರೀತಿಯಲ್ಲಿ. ಹೆಚ್ಚಿನವರು ಗರಿಯನ್ನು ಬೆಕ್ಕಿನ ಮೂಗಿನ ಮುಂದೆ ತೂಗಾಡಿಸುತ್ತಾರೆ. ಯಾವ ಇಲಿಯೂ ತಾನಾಗಿ ಬೆಕ್ಕಿನ ಬಾಯಿಯ ಬಳಿ ಬರುವುದಿಲ್ಲ. ಗರಿಯನ್ನು ಬೆಕ್ಕಿನಿಂದ ದೂರಕ್ಕೆ, ನೆಲಕ್ಕೆ ತಾಗಿಸಿ ಎಳೆಯಿರಿ. ಸೋಫಾದ ಮರೆಗೆ ಹೋಗಿ ನಿಲ್ಲಲಿ. ಒಂದು ಸಣ್ಣ ನಡುಕ, ಮತ್ತೆ ಸ್ತಬ್ಧ. ಆಗ ಬೆಕ್ಕು ತಲೆ ತಗ್ಗಿಸಿ, ಕಣ್ಣಿನ ಪಾಪೆ ಅಗಲಿಸಿ, ಹಿಂಭಾಗವನ್ನು ಎಡಬಲಕ್ಕೆ ತೊನೆದಾಡಿಸುವುದು ಕಾಣುತ್ತದೆ. ಆ ಹೊಂಚೇ ಬೇಟೆಯ ಮುಖ್ಯ ಭಾಗ. ಬೆಕ್ಕು ಓಡುತ್ತಿಲ್ಲವೆಂದು ಆಟ ನಿಲ್ಲಿಸಬೇಡಿ, ಕಾಯಿರಿ.

ಐದಾರು ನಿಮಿಷದ ಸುತ್ತು, ಒಂದೆರಡು ನಿಮಿಷ ಬಿಡುವು, ಮತ್ತೊಂದು ಸುತ್ತು. ಒಟ್ಟು 15 ನಿಮಿಷ ಸಾಕು. ಆಗಾಗ ಹಿಡಿಯಲು ಬಿಡಿ. ಕೊನೆಯ ಎರಡು ನಿಮಿಷ ಗರಿಯ ಓಟ ನಿಧಾನವಾಗಲಿ. ಕಡೆಯ ನೆಗೆತಕ್ಕೆ ಅದು ಸಿಕ್ಕಿಬೀಳಲಿ, ಬೆಕ್ಕು ಕಚ್ಚಿ ಹಿಂಗಾಲಿನಿಂದ ಒದೆಯಲಿ. ಬರೀ ಲೇಸರ್ ಬೆಳಕು ಓಡಿಸಿದರೆ ಈ ಹಿಡಿತ ಸಿಗುವುದೇ ಇಲ್ಲ, ಬೆಕ್ಕು ಕೆರಳಿದ ಮನಸ್ಸಿನಲ್ಲೇ ಉಳಿಯುತ್ತದೆ. ಆಟ ಮುಗಿದ ಕೂಡಲೇ ದಿನದ ದೊಡ್ಡ ಊಟ ಕೊಡಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ: ಬೆಕ್ಕಿನ ಮೈಗೆ ಗೊತ್ತಿರುವ ಸರಣಿ ಇದು, ಅದೇ ಕ್ರಮದಲ್ಲಿ ಸಿಕ್ಕರೆ ನಿದ್ದೆ ತಾನಾಗಿ ಬರುತ್ತದೆ. ಒಂದು ಎಚ್ಚರಿಕೆ ಇದೆ. ಆಟ ಮುಗಿದ ಮೇಲೆ ದಾರವಿರುವ ಕೋಲನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿ. ನುಂಗಿದ ದಾರದ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ನೆರಿಗೆ ಹಿಡಿದ ಬಟ್ಟೆಯಂತೆ ಮುದುಡಿ ಸೀಳುತ್ತದೆ. ಶಸ್ತ್ರಚಿಕಿತ್ಸೆಯಿಲ್ಲದೆ ಪ್ರಾಣ ಉಳಿಯುವುದು ಕಷ್ಟ.

ಇನ್ನು ಆ ನಾಲ್ಕು ಗಂಟೆಯ ಹಿಡಿ. ಸಂತಾನಹರಣವಾದ, ಮನೆಯೊಳಗಿನ 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಬೇಕು. ಡ್ರೈ ಫುಡ್‌ನಲ್ಲಿ ಸಾಮಾನ್ಯವಾಗಿ 100 ಗ್ರಾಂಗೆ 350ರಿಂದ 400 ಇರುತ್ತದೆ. ಅಂದರೆ ದಿನದ ಪಾಲು ಸುಮಾರು 50ರಿಂದ 57 ಗ್ರಾಂ. ನಿಮ್ಮ ಪೊಟ್ಟಣದ ಮೇಲಿನ ಸಂಖ್ಯೆ ನೋಡಿ ಲೆಕ್ಕ ಹಾಕಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒಂದು ಹಿಡಿಯಲ್ಲಿ 20 ಗ್ರಾಂ ದಾಟುವುದು ಸುಲಭ. ಹಾಗಾದರೆ ದಿನದ ಪಾಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಸುಕಿಗೇ ಹೋಗುತ್ತಿದೆ, ಬೆಕ್ಕು ಅಷ್ಟು ಕಟ್ಟುನಿಟ್ಟಾಗಿ ಕಾಯುವುದರಲ್ಲಿ ಆಶ್ಚರ್ಯವಿಲ್ಲ. 50 ಗ್ರಾಂ ಪಾಲಾದರೆ ಹೀಗೆ ಹಂಚಿ: ಬೆಳಿಗ್ಗೆ 10, ಹಗಲು 10, ರಾತ್ರಿ ಆಟದ ನಂತರ 20, ಉಳಿದ 10 ಟೈಮರ್ ಇರುವ ಆಟೋಮ್ಯಾಟಿಕ್ ಫೀಡರ್‌ಗೆ. ಹಗಲಿನ ಪಾಲನ್ನು ಬಟ್ಟಲಿಗೆ ಹಾಕದೆ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಪಂಜದಿಂದ ತೆಗೆದು ತಿನ್ನುವಂತೆ ಮಾಡಿದರೆ ಹಗಲಿಗೂ ಒಂದು ಕೆಲಸವಾಯಿತು.

ಫೀಡರ್ ಮಲಗುವ ಕೋಣೆಯಿಂದ ದೂರವಿರಲಿ. ಮೊದಲು ಅದನ್ನು 3:45ಕ್ಕೆ, ಅಂದರೆ ಬೆಕ್ಕು ಏಳುವುದಕ್ಕಿಂತ ಕಾಲು ಗಂಟೆ ಮುಂಚೆ ಇಡಿ. ಕೂಗು ಶುರುವಾದ ಮೇಲೆ ಆಹಾರ ಬಿದ್ದರೆ ಕೂಗಿಗೇ ಫಲ ಸಿಕ್ಕಂತೆ. ಒಂದು ವಾರದಲ್ಲಿ ಬೆಕ್ಕು ನಿಮ್ಮ ಮಂಚ ಬಿಟ್ಟು ಫೀಡರ್ ಮುಂದೆ ಕೂರಲು ಕಲಿಯುತ್ತದೆ. ಆಮೇಲೆ ಮೂರು ದಿನಕ್ಕೊಮ್ಮೆ 10 ನಿಮಿಷ ಮುಂದಕ್ಕೆ ತಳ್ಳಿ. 6 ಗಂಟೆಗೆ ತರಲು ಸುಮಾರು ಆರು ವಾರ ಹಿಡಿಯುತ್ತದೆ. ನಡುವೆ ಮತ್ತೆ ಕೂಗಿ ಎಬ್ಬಿಸಿದರೆ ಮರುದಿನದಿಂದ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಮೂರು ದಿನ ನಿಂತು ಮತ್ತೆ ಮುಂದುವರಿಯಿರಿ. ಹಗುರ ಫೀಡರನ್ನು ಬೆಕ್ಕು ಉರುಳಿಸುತ್ತದೆ, ಗೋಡೆಗೆ ಒತ್ತಿ ಭದ್ರ ಮಾಡಿ. ಬೆಳಿಗ್ಗೆ ನೀವು ಎದ್ದ ಮೇಲೂ ತಕ್ಷಣ ಬಟ್ಟಲು ಮುಟ್ಟಬೇಡಿ. ಮುಖ ತೊಳೆದು, ಹಾಸಿಗೆ ಮಡಿಸಿ, ಅರ್ಧ ಗಂಟೆ ಕಳೆದು ಹಾಕಿ.

ಇಷ್ಟು ಮಾಡಿದ ಮೇಲೆ ಬರುವ ಕೂಗಿಗೆ ಕದಲಬೇಡಿ. ಮೊದಲ ವಾರ ಕೂಗು ಜೋರಾಗುತ್ತದೆ, ಅದು ನಿರೀಕ್ಷಿತ. ಇಷ್ಟು ದಿನ ನಡೆದ ಉಪಾಯ ಕೈಕೊಟ್ಟಾಗ ಬೆಕ್ಕು ಇನ್ನೂ ಬಲವಾಗಿ ಪ್ರಯತ್ನಿಸುತ್ತದೆ. ಮನೆಮಂದಿ ಸೋಲುವುದು ಇಲ್ಲೇ: ಆರನೇ ರಾತ್ರಿ ಯಾರೋ ಒಬ್ಬರು ಕನಿಕರದಿಂದ ಎದ್ದು ನಾಲ್ಕು ಕಾಳು ಹಾಕುತ್ತಾರೆ, ಆರು ರಾತ್ರಿ ಕೂಗಿದರೆ ಸಿಗುತ್ತದೆಂದು ಬೆಕ್ಕು ಕಲಿಯುತ್ತದೆ. ಗದರುವುದೂ ಮಾತಾಡಿಸಿದಂತೆಯೇ. ಮೊದಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ, ಮೇಜನ್ನು ರಾತ್ರಿಯೇ ಖಾಲಿ ಮಾಡಿ, ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ.

ಒಂದು ಕೂಗನ್ನು ಮಾತ್ರ ಎಂದೂ ಕಡೆಗಣಿಸಬೇಡಿ. ಗಂಡು ಬೆಕ್ಕು ಮತ್ತೆ ಮತ್ತೆ ಲಿಟರ್ ಬಾಕ್ಸ್‌ಗೆ (ಅದರ ಮಲಮೂತ್ರಕ್ಕೆ ಇಟ್ಟ ಪೆಟ್ಟಿಗೆ) ಹೋಗಿ ತಿಣುಕುತ್ತಿದ್ದು, ಮೂತ್ರ ಹನಿಯೂ ಬರದಿದ್ದರೆ ಅದರ ಮೂತ್ರನಾಳ ಕಟ್ಟಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಆ ಕ್ಷಣವೇ ಪಶುವೈದ್ಯರ ಬಳಿ ಒಯ್ಯಿರಿ. ಒಂದೆರಡು ದಿನದಲ್ಲೇ ಜೀವ ಹೋಗುವ ತೊಂದರೆ ಅದು.

ಪ್ರಶ್ನೆ: ಹದಿನಾಲ್ಕು ವರ್ಷದ ನಮ್ಮ ಹೆಣ್ಣು ಬೆಕ್ಕು ಮೂರು ತಿಂಗಳಿಂದ ನಡುರಾತ್ರಿ ಮನೆಯೆಲ್ಲ ಸುತ್ತುತ್ತ, ಎಂದೂ ಕೇಳದ ದನಿಯಲ್ಲಿ ಊಳಿಡುತ್ತದೆ. ಚೆನ್ನಾಗಿ ತಿನ್ನುತ್ತದೆ, ಆದರೂ ಸೊರಗಿದೆ. ಮೇಲಿನ ಉಪಾಯ ಇದಕ್ಕೂ ಆಗುತ್ತದೆಯೇ?

ಉತ್ತರ: ದಯವಿಟ್ಟು ಈ ಬೆಕ್ಕಿನ ಕೂಗನ್ನು ಕಡೆಗಣಿಸಬೇಡಿ. ಇಳಿವಯಸ್ಸಿನಲ್ಲಿ ಹೊಸದಾಗಿ ಬಂದ ರಾತ್ರಿಯ ಕೂಗನ್ನು, ಬೇರೆಯೆಂದು ಖಚಿತವಾಗುವ ತನಕ, ಕಾಯಿಲೆಯ ಲಕ್ಷಣವೆಂದೇ ನೋಡಬೇಕು. ಚೆನ್ನಾಗಿ ತಿಂದೂ ಇಳಿಯುತ್ತಿರುವ ತೂಕ, ಅದರ ಜೊತೆ ಚಡಪಡಿಕೆ ಮತ್ತು ಕೂಗು ಸೇರಿದರೆ ಮೊದಲ ಶಂಕೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂಬುದು. ರಕ್ತದಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನ್ ಎಷ್ಟಿದೆ ಎಂದು ನೋಡಿದರೆ ಹೆಚ್ಚಾಗಿ ತಿಳಿಯುತ್ತದೆ, ಚಿಕಿತ್ಸೆಯೂ ಇದೆ. ಅದೇ ಭೇಟಿಯಲ್ಲಿ ಕಿಡ್ನಿಯ ರಕ್ತಪರೀಕ್ಷೆ, ಮೂತ್ರಪರೀಕ್ಷೆ, ರಕ್ತದೊತ್ತಡ ಮೂರನ್ನೂ ಮಾಡಿಸಿ. ರಕ್ತದೊತ್ತಡ ಏರಿದ ಬೆಕ್ಕಿಗೆ ಕಣ್ಣಿನ ಒಳಪರೆ ಕಿತ್ತು ದಿಢೀರ್ ದೃಷ್ಟಿ ಹೋಗುವುದುಂಟು. ಪ್ರಖರ ಬೆಳಕಿನಲ್ಲೂ ಪಾಪೆ ಅಗಲವಾಗೇ ಇದ್ದರೆ ಅದೇ ದಿನ ತೋರಿಸಿ. ಮಂಚಕ್ಕೆ ಹಾರುವ ಮುಂಚೆ ಅನುಮಾನಿಸುತ್ತದೆಯೇ, ಬೆನ್ನಿನ ತುಪ್ಪಳ ಗಂಟುಗಟ್ಟಿದೆಯೇ ಎಂದೂ ನೋಡಿ ಹೇಳಿ, ಅದು ಕೀಲುನೋವಿನ ಸುಳಿವು. ರಾತ್ರಿ ಕೂಗುವಾಗ ಒಂದು ನಿಮಿಷ ವಿಡಿಯೋ ಮಾಡಿಕೊಂಡು ಹೋದರೆ ವೈದ್ಯರಿಗೆ ಬಹಳ ನೆರವಾಗುತ್ತದೆ.

ಇವೆಲ್ಲ ಇಲ್ಲವೆಂದಾದರೆ ಉಳಿಯುವುದು ವಯಸ್ಸಿನ ಮರೆವು. ಆಗ ಕತ್ತಲೆಯೇ ಅದರ ಭಯ. ಲಿಟರ್ ಬಾಕ್ಸ್ ಹತ್ತಿರ, ಓಡಾಡುವ ದಾರಿಯಲ್ಲಿ ಒಂದೊಂದು ಸಣ್ಣ ದೀಪ ಇಡಿ. ಬಾಕ್ಸ್‌ನ ಒಂದು ಅಂಚು ಕಾಲೆತ್ತದೆ ಒಳಹೋಗುವಷ್ಟು ತಗ್ಗಾಗಿರಲಿ. ಪೀಠೋಪಕರಣಗಳ ಜಾಗ ಬದಲಿಸಬೇಡಿ. ನಿಮ್ಮ ಮಂಚದ ಪಕ್ಕದಲ್ಲೇ ಬೆಚ್ಚಗೆ ಹಾಸಿಕೊಡಿ, ಕೂಗಿದಾಗ ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ಮೊದಲ ಪ್ರಶ್ನೆಯ ಬೆಕ್ಕಿಗೆ ಇದು ತಪ್ಪು, ಇದಕ್ಕೆ ಇದೇ ಮದ್ದು. ಮನುಷ್ಯರ ನಿದ್ದೆಮಾತ್ರೆ, ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಪ್ರಶ್ನೆ: ಐದು ತಿಂಗಳ ಮರಿ ರಾತ್ರಿ ಹೊದಿಕೆಯೊಳಗಿನ ಕಾಲುಬೆರಳಿಗೆ ನೆಗೆದು ಕಚ್ಚುತ್ತದೆ. ಹಗಲು ಕೈಬೆರಳಿನ ಜೊತೆ ಆಡುತ್ತೇವೆ, ಆಗೇನೂ ತೊಂದರೆಯಿಲ್ಲ.

ಉತ್ತರ: ಹಗಲಿನ ಆ ಆಟವೇ ರಾತ್ರಿಗೂ ಬಂದಿದೆ. ಕೈಕಾಲು ಆಟದ ವಸ್ತುವಲ್ಲ ಎಂಬುದನ್ನು ಇಂದಿನಿಂದಲೇ ಮನೆಮಂದಿಯೆಲ್ಲ ಪಾಲಿಸಿ. ಕಚ್ಚಿದಾಗ ಕಾಲು ಎಳೆದುಕೊಂಡರೆ ಬೇಟೆ ಓಡಿದಂತಾಗಿ ಹಿಡಿತ ಬಿಗಿಯಾಗುತ್ತದೆ, ಕದಲದೆ ಇರಿ. ಮರಿಯ ಉದ್ದದಷ್ಟೇ ಇರುವ ಮೆತ್ತನೆಯ ಬಟ್ಟೆಯ ಗೊಂಬೆಯೊಂದನ್ನು ಹಾಸಿಗೆಯ ಬಳಿ ಇಟ್ಟುಕೊಂಡು, ನೆಗೆಯುವ ಮುನ್ನವೇ ಪಂಜದೊಳಗೆ ತುರುಕಿ. ಒಂಟಿ ಮರಿಗೆ ದಿನಕ್ಕೆ ಎರಡು ಹೊತ್ತಿನ ಆಟ ಸಾಲದು, ನಾಲ್ಕೈದು ಬೇಕು.

ಪ್ರಶ್ನೆ: ಕೋಣೆಯ ಬಾಗಿಲು ಮುಚ್ಚಿದರೆ ಇಡೀ ರಾತ್ರಿ ಪರಚುತ್ತದೆ. ನೀರು ಚಿಮುಕಿಸಿ ಓಡಿಸಬಹುದೇ?

ಉತ್ತರ: ಬೇಡ. ನೀರು ಕಲಿಸುವುದು ನಿಮ್ಮ ಕೈಯ ಭಯವನ್ನು, ಹೆದರಿದ ಬೆಕ್ಕು ಬಾಕ್ಸ್ ಬಿಟ್ಟು ಬೇರೆಡೆ ಮೂತ್ರ ಮಾಡಲು ಶುರುಮಾಡಬಹುದು. ಬಾಗಿಲು ಮುಚ್ಚುವುದಾದರೆ ಪ್ರತಿ ರಾತ್ರಿಯೂ ಮುಚ್ಚಿ. ಒಂದು ದಿನ ತೆರೆದು ಒಂದು ದಿನ ಮುಚ್ಚಿದರೆ ಪರಚಾಟ ನಿಲ್ಲುವುದೇ ಇಲ್ಲ. ಹೊರಗೆ ನೀರು, ಲಿಟರ್ ಬಾಕ್ಸ್, ನಿಮ್ಮ ಹಳೆಯ ಬಟ್ಟೆ ಹಾಸಿದ ಜಾಗ ಇರಲಿ. ಬಾಗಿಲಿನ ಕೆಳಗಿನ ಎರಡು ಅಡಿಗೆ ಎರಡೂ ಬದಿ ಅಂಟುವ ಟೇಪ್ ಹಚ್ಚಿ, ಪಂಜಕ್ಕೆ ಅಂಟುವುದು ಬೆಕ್ಕಿಗೆ ಹಿಡಿಸದು. ಪಕ್ಕದಲ್ಲೇ ಅಲುಗಾಡದ, ಬೆಕ್ಕು ಮೈ ನೀಳವಾಗಿ ಚಾಚಿ ಪರಚುವಷ್ಟು ಎತ್ತರದ ಹಗ್ಗ ಸುತ್ತಿದ ಕಂಬವೊಂದನ್ನು ನಿಲ್ಲಿಸಿ.

ಪ್ರಶ್ನೆ: ಎಂಟು ತಿಂಗಳ ಹೆಣ್ಣು ಬೆಕ್ಕು ನಾಲ್ಕು ದಿನದಿಂದ ನೆಲದಲ್ಲಿ ಹೊರಳಾಡುತ್ತ, ಹಿಂಭಾಗ ಎತ್ತಿ ರಾತ್ರಿಯಿಡೀ ಕೂಗುತ್ತಿದೆ. ಹೊಟ್ಟೆನೋವೇ?

ಉತ್ತರ: ಊಟ ಚೆನ್ನಾಗಿ ಮಾಡುತ್ತಿದ್ದು, ಬೆನ್ನು ಸವರಿದಾಗ ಬಾಲ ಪಕ್ಕಕ್ಕೆ ಸರಿಸಿದರೆ ಅದು ಬೆದೆ. ಸುಮಾರು ಒಂದು ವಾರ ಇರುತ್ತದೆ, ಗಂಡು ಸೇರದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ ಬರುತ್ತದೆ. ಆಟ, ಊಟ, ಟೈಮರ್ ಯಾವುದೂ ಇದಕ್ಕೆ ನಾಟುವುದಿಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆಯೊಂದೇ ದಾರಿ. ಬೆದೆ ತಡೆಯುವ ಹಾರ್ಮೋನ್ ಮಾತ್ರೆ ಗರ್ಭಕೋಶದ ಸೋಂಕು, ಸ್ತನದ ಗೆಡ್ಡೆ, ಸಕ್ಕರೆ ಕಾಯಿಲೆಗೆ ದಾರಿ ಮಾಡಬಹುದು, ಆ ಗೋಜಿಗೆ ಹೋಗಬೇಡಿ. ಬೆದೆಯಲ್ಲಿರುವಾಗ ರಕ್ತನಾಳಗಳು ಉಬ್ಬಿರುವುದರಿಂದ ಕೆಲವು ವೈದ್ಯರು ಅದು ಇಳಿಯುವ ತನಕ ಕಾಯುತ್ತಾರೆ. ಇಂದೇ ವಿಚಾರಿಸಿ ದಿನ ಗೊತ್ತು ಮಾಡಿಕೊಳ್ಳಿ. ಅಲ್ಲಿಯವರೆಗೆ ಕಿಟಕಿಯ ಜಾಲರಿ ಗಟ್ಟಿಯಿದೆಯೇ ಎಂದು ಕೈಯಿಂದ ಒತ್ತಿ ನೋಡಿ. ಈ ದಿನಗಳಲ್ಲಿ ಸಡಿಲ ಜಾಲರಿಯನ್ನು ತಳ್ಳಿಕೊಂಡು ಹೊರಗೆ ಹಾರಲು ಅದು ಹಿಂಜರಿಯುವುದಿಲ್ಲ.