ಮೀನಿನ ಅಕ್ಕ, ಕಾಲೇಜಿನ ಪೇಟೆಂಟ್

ಕುಂದಾಪುರದಿಂದ ನಿವೃತ್ತ ಅಧ್ಯಾಪಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮೊಮ್ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಗೈಡ್ ಜತೆ ಸೇರಿ ಒಂದು ಉಪಕರಣ ಮಾಡಿದ್ದಾಳೆ. ಪೇಟೆಂಟ್‌ಗೆ ಅರ್ಜಿ ಹಾಕುತ್ತೇವೆ, ಹಕ್ಕು ಸಂಸ್ಥೆಯದ್ದು ಎಂದು ಸಹಿ ಹಾಕು ಅಂತ ಕಾಲೇಜಿನವರು ಕಾಗದ ಕೊಟ್ಟಿದ್ದಾರೆ. ಆಮೇಲೆ ಅದನ್ನು ಮಾಡಿ ಮಾರಲು ಯಾವುದೋ ಕಂಪನಿಗೆ ಲೈಸೆನ್ಸ್ ಕೊಡುತ್ತಾರಂತೆ. ಮಾಷ್ಟ್ರಿಗೆ ಸಿಟ್ಟು. “ವಿದ್ಯೆ ಮಾರಾಟದ ಸರಕೇ? ಇನ್ಸುಲಿನ್ ಕಂಡುಹಿಡಿದವರು ಒಂದು ಡಾಲರಿಗೆ ಕೊಟ್ಟುಬಿಟ್ಟರು. ನಮ್ಮ ವಿಶ್ವವಿದ್ಯಾಲಯಗಳು ಅಂಗಡಿ ತೆರೆದು ಕೂತರೆ ನೀವು ಪತ್ರಿಕೆಯವರು ಯಾಕೆ ಸುಮ್ಮನಿದ್ದೀರಿ?” ಎಂದು ಕೇಳಿದ್ದಾರೆ.

ಮಾಷ್ಟ್ರೇ, ನಿಮ್ಮ ಅಕ್ಷರ ನೋಡಿಯೇ ಖುಷಿಯಾಯಿತು. ಈಗ ಯಾರು ಇಂಕ್ ಪೆನ್ನಿನಲ್ಲಿ ನಾಲ್ಕು ಪುಟ ಬರೆಯುತ್ತಾರೆ ಹೇಳಿ. ಆದರೆ ನನ್ನ ದೂರು ಉಲ್ಟಾ ಉಂಟು. ನಮ್ಮ ಕಾಲೇಜುಗಳು ಅಂಗಡಿ ತೆರೆದದ್ದು ತಪ್ಪಲ್ಲ, ಬೋರ್ಡು ಹಾಕಿ ಶಟರ್ ಎಳೆದು ಕೂತದ್ದು ತಪ್ಪು.

ನಿಮ್ಮ ಭಯಕ್ಕೆ ಕಾರಣ ಇಲ್ಲದೆ ಇಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ ಆಹಾರದ ಮೇಲೆ ನೇರಳಾತೀತ ಬೆಳಕು ಬಿಟ್ಟು ವಿಟಮಿನ್ ಡಿ ಹೆಚ್ಚಿಸುವ ದಾರಿ ಕಂಡುಕೊಂಡರು. ಅದರ ಹಕ್ಕು ನೋಡಿಕೊಳ್ಳಲು 1925ರಲ್ಲಿ ಒಂದು ಪ್ರತಿಷ್ಠಾನವೇ ಹುಟ್ಟಿತು. ಅದು ಬೆಣ್ಣೆಯ ಬದಲು ಬಳಸುವ ಅಗ್ಗದ ಮಾರ್ಗರಿನ್ ಮಾಡುವವರಿಗೆ ಲೈಸೆನ್ಸ್ ಕೊಡಲಿಲ್ಲ. ಯಾಕೆಂದರೆ ವಿಸ್ಕಾನ್ಸಿನ್ ಬೆಣ್ಣೆಯ ನಾಡು. ಮಾರ್ಗರಿನ್ ತಿನ್ನುತ್ತಿದ್ದವರು ಬೆಣ್ಣೆಗೆ ದುಡ್ಡಿಲ್ಲದವರು. ಹಕ್ಕು ಕೈಗೆ ಬಂದರೆ ಹೀಗೂ ಆಗುತ್ತದೆ, ಒಪ್ಪಿದೆ.

ಈಗ ನಿಮ್ಮ ಒಂದು ಡಾಲರಿನ ಕತೆಗೆ ಬರೋಣ. ಎಲ್ಲರಿಗೂ ಆ ಡಾಲರ್ ನೆನಪಿರುತ್ತದೆ, ಕೊಟ್ಟದ್ದು ಯಾರಿಗೆ ಎಂಬುದು ಮರೆತುಹೋಗುತ್ತದೆ. 1923ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದು ಡಾಲರಿಗೆ ಹಕ್ಕು ಬಿಟ್ಟುಕೊಟ್ಟದ್ದು ಟೊರಾಂಟೊ ವಿಶ್ವವಿದ್ಯಾಲಯಕ್ಕೆ! ಅದೇನು ಹಕ್ಕನ್ನು ಕಡಲಿಗೆ ಎಸೆಯಿತಾ? ಇಲ್ಲ ಮಾರಾಯ್ರೇ. ಸಮಿತಿ ಮಾಡಿತು. ಅಮೆರಿಕದ ಎಲಿ ಲಿಲ್ಲಿ ಕಂಪನಿಗೆ, ಡೆನ್ಮಾರ್ಕಿನವರಿಗೆ, ಹೀಗೆ ಹಲವರಿಗೆ ಲೈಸೆನ್ಸ್ ಕೊಟ್ಟಿತು. ಔಷಧದ ಗುಣಮಟ್ಟ ಸರಿ ಇದೆಯಾ ಎಂದು ನೋಡಿತು. ರಾಯಲ್ಟಿ ಎಂದು ಮಾರಾಟದಲ್ಲಿ ಪಾಲನ್ನೂ ತೆಗೆದುಕೊಂಡಿತು. ಹಕ್ಕು ತಾನು ಹಿಡಿದದ್ದು ಬೇರೆ ಯಾರೋ ಒಬ್ಬ ಅದಕ್ಕೆ ಬೀಗ ಹಾಕಬಾರದು ಎಂದು. ನೀವು ಹೊಗಳಿದ ಆ ತ್ಯಾಗ ಇದೆಯಲ್ಲ, ಅದು ಸೀದಾ ನೀವು ಬಯ್ಯುವ ಅಂಗಡಿಗೇ ಹೋಗಿ ಕೂತಿತು.

ಅಷ್ಟು ದೂರ ಯಾಕೆ, ನಿಮ್ಮ ಎಡಗೈ ತೋರುಬೆರಳು ನೋಡಿ. ಮತದಾನದ ದಿನ ಹಚ್ಚುವ ಶಾಯಿಯನ್ನು ಮಾಡಿದ್ದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ಸರಕಾರಿ ಪ್ರಯೋಗಾಲಯ ಕಾರ್ಖಾನೆ ಹಾಕಲಿಕ್ಕಾಗುತ್ತದಾ? ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಮೂಲಕ ಲೈಸೆನ್ಸ್ ಬಂದದ್ದು ನಮ್ಮ ಮೈಸೂರಿಗೆ, ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಶುರು ಮಾಡಿದ ಬಣ್ಣದ ಕಾರ್ಖಾನೆಗೆ. 1962ರ ಚುನಾವಣೆಯಿಂದ ಇವತ್ತಿನವರೆಗೆ ದೇಶದ ಬೆರಳಿಗೆಲ್ಲ ಅದೇ ಶಾಯಿ. ಪ್ರಯೋಗಾಲಯದ ಕಪಾಟಿನಲ್ಲೇ ಬಾಟ್ಲಿ ಇಟ್ಟಿದ್ದರೆ?

ಕಪಾಟು ಅಂದಾಗ ನೆನಪಾಯಿತು. ಕೆಲವು ವರ್ಷ ಹಿಂದೆ ನಮ್ಮ ಕಡೆಯ ಒಂದು ಕಾಲೇಜಿನ ಪ್ರಾಜೆಕ್ಟ್ ಎಕ್ಸಿಬಿಷನ್‌ಗೆ ಹೋಗಿದ್ದೆ. ಕಾಲೇಜು ಯಾವುದು ಎಂದು ಹೇಳುವುದಿಲ್ಲ. ಲ್ಯಾಬಿನ ಮೂಲೆಯಲ್ಲಿ ನೀಲಿ ಟಾರ್ಪಾಲ್ ಹೊದಿಸಿದ ಏನೋ ಇತ್ತು. ಎತ್ತಿ ನೋಡಿದರೆ ಹಲಸಿನ ಹಪ್ಪಳ ಒಣಗಿಸುವ ಡ್ರೈಯರ್. ಚೆನ್ನಾಗಿ ಮಾಡಿದ್ದರು. ಆರು ತಟ್ಟೆ, ಒಂದು ಫ್ಯಾನು, ಒಳಗೆ ಹಲ್ಲಿ ಮೊಟ್ಟೆ. ಹಲಸು ಹಣ್ಣಾಗುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದು, ಅಂಗಳದಲ್ಲಿ ಹಾಕಿದ ಹಪ್ಪಳವನ್ನು ಚಾಪೆ ಸಮೇತ ಎತ್ತಿಕೊಂಡು ಒಳಗೆ ಓಡುವುದು ನಮ್ಮೂರಿನ ಹೆಂಗಸರಿಗೆ ಗೊತ್ತಿರುವ ಕಷ್ಟ. ಹಪ್ಪಳ ಮಾಡಿ ಮಾರುವ ಸ್ವಸಹಾಯ ಸಂಘವೊಂದು ಆ ಕಾಲೇಜಿನ ಗೇಟಿನಿಂದ ಎರಡು ಕಿಲೋಮೀಟರ್ ದೂರದಲ್ಲಿದೆ. “ಇದನ್ನು ಯಾರಿಗೆಲ್ಲ ತೋರಿಸಿದ್ದೀರಿ?” ಎಂದು ಕೇಳಿದೆ. ಪಾಪ, ಯುವ ಅಧ್ಯಾಪಕರು ನಿಜವನ್ನೇ ಹೇಳಿದರು. “ಕಾಲೇಜಿಗೆ ಗ್ರೇಡ್ ಕೊಡಲು ಬಂದ ನ್ಯಾಕ್ ಕಮಿಟಿಗೆ ತೋರಿಸಿದ್ದೇವೆ ಸರ್.”

ನಮ್ಮ ಬೀದಿಗೆ ಮೀನು ತರುವ ಅಕ್ಕ ಇದ್ದಾರೆ. ಬೆಳಿಗ್ಗೆ ಬಂದರಿಗೆ ಹೋಗಿ ಬಂದು ಬುಟ್ಟಿ ಇಳಿಸುವ ಮೊದಲೇ ಯಾವ ಮನೆಗೆ ಯಾವ ಮೀನು ಎಂದು ಅವರ ತಲೆಯಲ್ಲಿ ಬರೆದಾಗಿರುತ್ತದೆ. ವಕೀಲರ ಮನೆಗೆ ಅಂಜಲ್, ನಮಗೆ ಬೂತಾಯಿ, ಮೂಲೆ ಮನೆಯ ಅಜ್ಜಿಗೆ ಮುಳ್ಳು ಕಮ್ಮಿ ಇರುವುದು. “ಅಣ್ಣ, ಇವತ್ತು ಬಂಗುಡೆ ಫ್ರೆಶ್ ಉಂಟು, ನಾಳೆ ಕೇಳಿದ್ರೆ ನಾನು ಕೊಡುವುದಿಲ್ಲ” ಎನ್ನುತ್ತಾರೆ. ಪೇಟೆಂಟಿಗೂ 20 ವರ್ಷದ ಐಸು ಮಾತ್ರ. ಅದೂ ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟುತ್ತಾ ಹೋದರೆ. ಕಾಲೇಜುಗಳಲ್ಲಿ ಪೇಟೆಂಟ್ ಕೆಲಸ ನೋಡಿಕೊಳ್ಳುವ ಐಪಿಆರ್ ಸೆಲ್ಲಿಗೆ ಇಂಥವರೊಬ್ಬರು ಬೇಕು. ಈಗ ಇರುವುದು ಯಾರು? ವಾರಕ್ಕೆ 16 ಗಂಟೆ ಪಾಠ, ಪರೀಕ್ಷೆ ಡ್ಯೂಟಿ, ಎನ್ನೆಸ್ಸೆಸ್ ಕ್ಯಾಂಪು ಎಲ್ಲ ಮುಗಿಸಿ ಸಂಜೆ ನಾಲ್ಕೂವರೆಗೆ ಆ ಫೈಲು ತೆರೆಯುವ ಪ್ರೊಫೆಸರು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ನೀಲ್ಸ್ ರೀಮರ್ಸ್ ಎಂಬವರು ಮಾಡಿದ್ದು ಇಷ್ಟೇ. ಕಾಗದಪತ್ರದ ಕೆಲಸ ವಕೀಲರಿಗೆ ಬಿಟ್ಟು, ತಾವು ಕಂಪನಿಗಳ ಬಾಗಿಲು ತಟ್ಟಿದರು. 1974ರಲ್ಲಿ ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದಕ್ಕೆ ಜೋಡಿಸಿದ ಸುದ್ದಿಯನ್ನು ಪೇಪರಿನಲ್ಲಿ ಓದಿ, ಅದನ್ನು ಮಾಡಿದವರಲ್ಲಿ ಒಬ್ಬರಾದ, ಅಲ್ಲಿಯದೇ ಸ್ಟ್ಯಾನ್ಲಿ ಕೋಹೆನ್ ಅವರ ಬೆನ್ನು ಬಿದ್ದರು. ಕೋಹೆನ್‌ಗೂ ನಿಮ್ಮ ಹಾಗೆಯೇ ಪೇಟೆಂಟ್ ಅಂದರೆ ಅಷ್ಟಕ್ಕಷ್ಟೆ. ಕೊನೆಗೆ ಒಪ್ಪಿದರು. ಒಬ್ಬರಿಗೇ ಬರೆದುಕೊಡಲಿಲ್ಲ, ಕೇಳಿದವರಿಗೆಲ್ಲ ವರ್ಷಕ್ಕೆ 10,000 ಡಾಲರಿನಿಂದ ಶುರುವಾಗುವ ಲೈಸೆನ್ಸ್ ಕೊಟ್ಟರು. 468 ಕಂಪನಿಗಳು ತೆಗೆದುಕೊಂಡವು. ಹಕ್ಕು ಮುಗಿಯುವ ಹೊತ್ತಿಗೆ ಸುಮಾರು 25 ಕೋಟಿ ಡಾಲರ್ ಬಂದಿತ್ತು. ಎಲ್ಲರಿಗೂ ಇಂಥ ಲಾಟರಿ ಹೊಡೆಯುವುದಿಲ್ಲ. ಅಲ್ಲಿಯೂ ಬಹಳಷ್ಟು ಕಡೆ ಈ ಆಫೀಸುಗಳ ಖರ್ಚೇ ಹುಟ್ಟುವುದಿಲ್ಲ. ಆದರೂ ನಡೆಸುತ್ತಾರೆ, ಸರಕು ಹೊರಗೆ ಹೋಗಲಿ ಎಂದು.

ನಮ್ಮಲ್ಲಿ ಹೊರಗೆ ಹೋಗುವುದು ಫ್ಲೆಕ್ಸ್. ಶಿಕ್ಷಣ ಸಂಸ್ಥೆಗಳಿಗೆ 2021ರಲ್ಲಿ ಪೇಟೆಂಟ್ ಶುಲ್ಕವನ್ನು ಶೇಕಡಾ 80ರಷ್ಟು ಇಳಿಸಿದರು. ಆನ್‌ಲೈನ್ ಅರ್ಜಿಗೆ 1,600 ರೂಪಾಯಿ. ಒಳ್ಳೆಯದೇ. ಆದರೆ ಅರ್ಜಿ ಹಾಕಿ 18 ತಿಂಗಳಾದರೆ ಅದು ತನ್ನಷ್ಟಕ್ಕೆ ಪೇಟೆಂಟ್ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಇನ್ನೊಂದು ಫಾರ್ಮ್ ತುಂಬಿ ದುಡ್ಡು ಕಟ್ಟಿದರೆ ಬೇಗವೂ ಆಗುತ್ತದೆ. ಪ್ರಕಟವಾಗುವುದು ಬೇರೆ, ಮಂಜೂರಾಗುವುದು ಬೇರೆ. ಇದು ನಿಜಕ್ಕೂ ಹೊಸದೇ ಎಂದು ಕಚೇರಿಯವರು ಪರೀಕ್ಷಿಸಲು ಪ್ರತ್ಯೇಕ ಕೋರಿಕೆ ಹಾಕದಿದ್ದರೆ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಆದರೆ ರ‍್ಯಾಂಕಿಂಗ್‌ನವರು ಪ್ರಕಟವಾದದ್ದನ್ನೂ ಎಣಿಸುತ್ತಾರೆ, ಹಾಗಾಗಿ ಸರ್ಕಲ್ಲಿನಲ್ಲಿ ಪೇಟೆಂಟ್ ಸಾಧಕರಿಗೆ ಅಭಿನಂದನೆ ಎಂದು ಹತ್ತು ಮುಖಗಳ ಫ್ಲೆಕ್ಸ್ ಏಳುತ್ತದೆ, ಮತ್ತೆ ಒಡಂಬಡಿಕೆಯ ಫೋಟೊ, ಶಾಲು, ಪೇಟ, ಹೊಸ ಉದ್ಯಮ ಬೆಳೆಸುವ ಇನ್‌ಕ್ಯುಬೇಶನ್ ಸೆಂಟರಿಗೆ ದೀಪ, ಊಟ. ಈ ಫೋಟೊಗಳು ವಾರಕ್ಕೆ ಮೂರಾದರೂ ನನ್ನ ಮೇಜಿಗೆ ಬರುತ್ತವೆ. ಲೈಸೆನ್ಸ್ ಕೊಟ್ಟೆವು, ಇಂಥವರು ಯಂತ್ರ ಮಾಡಿ ಮಾರುತ್ತಿದ್ದಾರೆ ಎಂಬ ಫೋಟೊ ಒಂದು ಬರಲಿ, ಮುಖಪುಟಕ್ಕೇ ಹಾಕುತ್ತೇನೆ.

ನನ್ನದೂ ಒಂದು ತಪ್ಪು ಉಂಟು, ಹೇಳಿಬಿಡುತ್ತೇನೆ. ಒಬ್ಬ ವಿದ್ಯಾರ್ಥಿಯ ಯಂತ್ರದ ಬಗ್ಗೆ ಎರಡು ಪುಟ ಹಾಕಿದ್ದೆವು, ಒಳಗಿನ ಭಾಗಗಳ ಚಿತ್ರ ಸಮೇತ. ಹುಡುಗ ಖುಷಿಯಲ್ಲಿ 20 ಪ್ರತಿ ಕೊಂಡ. ಆಮೇಲೆ ಪೇಟೆಂಟ್‌ಗೆಂದು ಹೋದರೆ, ಮೊದಲೇ ಎಲ್ಲರಿಗೂ ಗೊತ್ತಾದದ್ದು ಹೊಸದು ಹೇಗಾಗುತ್ತದೆ ಎಂದು ಏಜೆಂಟರು ಕೇಳಿದರಂತೆ. ನಮ್ಮ ಕಾನೂನಿನಲ್ಲಿ ಇದಕ್ಕೆ ರಿಯಾಯಿತಿ ಬಹಳ ಕಮ್ಮಿ. ಅರ್ಜಿ ಮೊದಲು, ಪೇಪರಿನವರು ಆಮೇಲೆ. ಮೊಮ್ಮಗಳಿಗೆ ಇದನ್ನು ಇವತ್ತೇ ಹೇಳಿ.

ಸಹಿ ಹಾಕಲಿ ಮಾಷ್ಟ್ರೇ, ಆದರೆ ಕೇಳಿ ಹಾಕಲಿ. ರಾಯಲ್ಟಿ ಬಂದರೆ ಅವಳಿಗೆಷ್ಟು? ಸ್ಟ್ಯಾನ್‌ಫರ್ಡಿನಲ್ಲಿ ಆಫೀಸಿನ ಪಾಲು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗ ಕಂಡುಹಿಡಿದವರಿಗೆ. ವರ್ಷ ವರ್ಷದ ಶುಲ್ಕ ಕಟ್ಟುವುದು ಯಾರು? ಮೂರು ನಾಲ್ಕು ವರ್ಷ ಯಾರಿಗೂ ಲೈಸೆನ್ಸ್ ಕೊಡದೆ ಇಟ್ಟರೆ ಹಕ್ಕು ಅವಳಿಗೇ ವಾಪಸ್ ಬರುತ್ತದಾ? ಈ ಮೂರನೆಯದನ್ನು ಕಾಗದದಲ್ಲೇ ಬರೆಸಿಕೊಳ್ಳಲಿ. ಬಾಯಿಮಾತು ಬೇಡ, ಪ್ರಿನ್ಸಿಪಾಲರು ಬದಲಾಗುತ್ತಾರೆ.

ಆ ಡ್ರೈಯರ್ ಏನಾಯಿತು ಎಂದು ಕಳೆದ ತಿಂಗಳು ಫೋನ್ ಮಾಡಿ ಕೇಳಿದೆ. ಅಲ್ಲೇ ಇದೆಯಂತೆ. ಟಾರ್ಪಾಲ್ ಮಾತ್ರ ಹೊಸದು ಹಾಕಿದ್ದಾರಂತೆ.

– ಸಂಪಾದಕ